ಹುಂಜದ ಜುಟ್ಟಿನಲ್ಲಿ ಹಲ್ಲು ನೆಟ್ಟ ಹಂಟರ್

ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ ಎಂಬ ನಮ್ಮ ಗಾದೆಯನ್ನು ಹದಿನೆಂಟನೇ ಶತಮಾನದ ಲಂಡನ್ನಿನವರು ಕೇಳಿರಲಾರರು. ಆದರೆ ಅದನ್ನು ಅಕ್ಷರಶಃ ಬದುಕುತ್ತಿದ್ದರು. ವೆಸ್ಟ್ ಇಂಡೀಸ್‌ನ ಗುಲಾಮರು ದುಡಿದು ಬೆಳೆದ ಸಕ್ಕರೆ ಉಳ್ಳವರ ಚಹಾದ ಬಟ್ಟಲಿಗೆ ಬಂದು ಬೀಳುತ್ತಿತ್ತು. ನಡುವಯಸ್ಸು ಬರುವ ಮೊದಲೇ ಅವರಲ್ಲಿ ಹಲವರ ಮುಂದಿನ ಹಲ್ಲುಗಳು ಕಪ್ಪಾಗಿ, ಪೊಳ್ಳಾಗಿ ಉದುರುತ್ತಿದ್ದವು. ಸಕ್ಕರೆ ಕೊಳ್ಳಲು ಕಾಸಿಲ್ಲದ ಬೀದಿ ಮಕ್ಕಳ ಬಾಯಲ್ಲಿ ಹಲ್ಲು ಗಟ್ಟಿಯಾಗಿದ್ದವು. ಒಂದು ಕಡೆ ಹಣ, ಇನ್ನೊಂದು ಕಡೆ ಹಲ್ಲು. ಲಂಡನ್ ಇದಕ್ಕೊಂದು ವ್ಯಾಪಾರದ ಪರಿಹಾರ ಕಂಡುಕೊಂಡಿತು. ಬಡ ಹುಡುಗನ ಬಾಯಿಂದ ಹಲ್ಲು ಕಿತ್ತು, ಬಿಸಿ ಆರುವ ಮೊದಲೇ ಶ್ರೀಮಂತ ಮಹಿಳೆಯ ದವಡೆಯಲ್ಲಿ ನೆಡುವುದು.

ಈ ವಿದ್ಯೆ ಹೊಸದೇನಲ್ಲ. ಆದರೆ ಅದಕ್ಕೆ ವಿಜ್ಞಾನದ ಮುದ್ರೆ ಒತ್ತಿ ಮರ್ಯಾದೆ ತಂದುಕೊಟ್ಟವನು ಜಾನ್ ಹಂಟರ್. ಶಸ್ತ್ರಚಿಕಿತ್ಸೆ ಓದಿದವರಿಗೆಲ್ಲ ಪರಿಚಿತ ಹೆಸರು. ಸಿಡುಬಿಗೆ ಲಸಿಕೆ ತಂದ ಎಡ್ವರ್ಡ್ ಜೆನ್ನರ್‌ನ ಗುರು. ಪುಣೆಯಲ್ಲಿ ವಕ್ರದಂತ ಚಿಕಿತ್ಸೆ ಮಾಡಿಕೊಂಡಿರುವ ನನಗೆ ಈ ಮನುಷ್ಯ ಆಗಾಗ ನೆನಪಾಗಲು ಒಂದು ಕಾರಣವಿದೆ. ಹನ್ನೆರಡು, ಹದಿಮೂರರ ಮಕ್ಕಳಲ್ಲಿ ಕೆಲವರಿಗೆ ಬರಬೇಕಾದ ಶಾಶ್ವತ ಹಲ್ಲು ದವಡೆಯೊಳಗೇ ಸಿಕ್ಕಿಕೊಂಡಿರುತ್ತದೆ. ಅಂಥವರಿಗೆ ಇರುವ ದಾರಿಗಳಲ್ಲಿ ಹಲ್ಲನ್ನು ಕಿತ್ತು ಬೇರೆಡೆ ನೆಡುವುದೂ ಒಂದು ಎಂದಾಗ ತಂದೆತಾಯಿ ಮೊದಲು ಕೇಳುವುದು ಯಾರ ಹಲ್ಲನ್ನು ಎಂದು. ಹಂಟರ್‌ನ ಕಾಲದಲ್ಲಿ ಯಾರೂ ಸರಿಯಾಗಿ ಕೇಳದೆ ಬಿಟ್ಟ ಪ್ರಶ್ನೆ ಅದೇ.

ಅಣ್ಣನ ನೆರಳಿನಲ್ಲಿ

ಹಂಟರ್ ಹುಟ್ಟಿದ್ದು 1728ರ ಫೆಬ್ರುವರಿಯಲ್ಲಿ, ಸ್ಕಾಟ್ಲೆಂಡಿನ ಗ್ಲಾಸ್ಗೋ ಸಮೀಪದ ಲಾಂಗ್ ಕಾಲ್ಡರ್‌ವುಡ್ ಎಂಬ ಹೊಲಮನೆಯಲ್ಲಿ. ಹತ್ತು ಮಕ್ಕಳಲ್ಲಿ ಕೊನೆಯವನು. ಹಲವು ಒಡಹುಟ್ಟಿದವರು ಚಿಕ್ಕಂದಿನಲ್ಲೇ ತೀರಿಕೊಂಡಿದ್ದರು. ಹದಿಮೂರರ ವಯಸ್ಸಿಗೆ ತಂದೆಯೂ ಹೋದ. ಶಾಲೆ ರುಚಿಸಲಿಲ್ಲ, ಅರ್ಧಕ್ಕೇ ಬಿಟ್ಟ. ಮೋಡ ಯಾಕೆ, ಹುಲ್ಲು ಯಾಕೆ, ಶರತ್ಕಾಲದಲ್ಲಿ ಎಲೆ ಬಣ್ಣ ಯಾಕೆ ಬದಲಿಸುತ್ತದೆ ಎಂದು ಕೇಳುತ್ತ ಹೊಲದಲ್ಲಿ ಅಲೆಯುವ ಹುಡುಗ. ಕೊನೆಯವರೆಗೂ ಅವನ ಬರವಣಿಗೆಯಲ್ಲಿ ಕಾಗುಣಿತದ ತಪ್ಪುಗಳು ಉಳಿದೇ ಇದ್ದವು. ಪುಸ್ತಕದಲ್ಲಿ ಓದಿದ್ದಕ್ಕಿಂತ ಕೈಯಲ್ಲಿ ಮುಟ್ಟಿದ್ದನ್ನು ನಂಬುವ ಸ್ವಭಾವವೂ ಉಳಿಯಿತು.

ಹತ್ತು ವರ್ಷ ದೊಡ್ಡವನಾದ ಅಣ್ಣ ವಿಲಿಯಂ ಅಷ್ಟರಲ್ಲಿ ಲಂಡನ್ ಸೇರಿ ಹೆಸರು ಮಾಡುತ್ತಿದ್ದ. ಕೋವೆಂಟ್ ಗಾರ್ಡನ್‌ನಲ್ಲಿ ಅಂಗರಚನೆಯ ತರಗತಿ ನಡೆಸುತ್ತಿದ್ದ ಆತ ಮುಂದೆ ರಾಣಿಯ ಹೆರಿಗೆ ವೈದ್ಯನಾದ. ಅಣ್ಣ ಇದ್ದಾನೆ ಎಂಬ ಒಂದೇ ಧೈರ್ಯದಲ್ಲಿ ಊರು ಬಿಡುವುದು ಏನೆಂದು ನಮ್ಮಲ್ಲಿ ಅನೇಕರಿಗೆ ಗೊತ್ತು. 1748ರಲ್ಲಿ ಇಪ್ಪತ್ತರ ಹರೆಯದ ಜಾನ್ ಹಾಗೆಯೇ ಲಂಡನ್ನಿಗೆ ಬಂದಿಳಿದ. ಪರೀಕ್ಷಿಸಲೆಂದು ಅಣ್ಣ ಒಂದು ಶವದ ತೋಳು ಕೊಟ್ಟು ಸ್ನಾಯುಗಳನ್ನು ಬಿಡಿಸಿ ತೋರಿಸು ಎಂದ. ತಮ್ಮನ ಕೈಚಳಕಕ್ಕೆ ಬೆರಗಾಗಿ, ರಕ್ತನಾಳಗಳಿಗೆ ಬಣ್ಣ ತುಂಬಿದ ಇನ್ನೂ ಕಷ್ಟದ ತೋಳೊಂದನ್ನು ಕೊಟ್ಟ. ಅದನ್ನೂ ಗೆದ್ದ. ಅಲ್ಲಿಂದ ಸುಮಾರು ಹನ್ನೆರಡು ಚಳಿಗಾಲ ಅವನು ಶವಗಳ ನಡುವೆಯೇ ಕಳೆದ. ಶವ ಕೆಡದಿರಲು ಚಳಿ ಬೇಕಿತ್ತು. ಅದಕ್ಕೇ ಪಾಠವೆಲ್ಲ ಚಳಿಗಾಲದಲ್ಲಿ. ಆ ಶವಗಳು ಎಲ್ಲಿಂದ ಬರುತ್ತಿದ್ದವು ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ರಾತ್ರಿ ಸ್ಮಶಾನ ಅಗೆಯುವವರ ಜೊತೆ ವ್ಯವಹಾರ ಕುದುರಿಸುವ ಕೆಲಸವೂ ತಮ್ಮನ ಪಾಲಿಗೇ ಬಂದಿತ್ತು. ಬಡವರ ದೇಹ ಹಣಕ್ಕೆ ಸಿಗುವ ವಸ್ತು ಎಂಬ ಪಾಠ ಹಂಟರ್‌ಗೆ ಹಲ್ಲಿಗಿಂತ ಎಷ್ಟೋ ಮೊದಲೇ ಆಗಿತ್ತು.

ಯುದ್ಧದಿಂದ ಬಾಯಿಯೊಳಕ್ಕೆ

1760ರಲ್ಲಿ ಅವನು ಸೈನ್ಯದ ಶಸ್ತ್ರವೈದ್ಯನಾಗಿ ಸೇರಿದ. ಮರುವರ್ಷ ಫ್ರಾನ್ಸ್ ಕರಾವಳಿಯ ಬೆಲ್ ಈಲ್ ದ್ವೀಪದ ಕದನ, ಆಮೇಲೆ ಪೋರ್ಚುಗಲ್. ಗುಂಡು ತಗುಲಿದ ಗಾಯವನ್ನು ಇನ್ನಷ್ಟು ಸೀಳಿ ದೊಡ್ಡದು ಮಾಡುವುದು ಆಗಿನ ಪದ್ಧತಿ. ಚಿಕಿತ್ಸೆಯೇ ಸಿಗದೆ ಅಡಗಿದ್ದ ಕೆಲವು ಫ್ರೆಂಚ್ ಸೈನಿಕರ ಗಾಯಗಳು ಚಿಕಿತ್ಸೆ ಪಡೆದವರಿಗಿಂತ ಚೆನ್ನಾಗಿ ಮಾಗಿದ್ದನ್ನು ಹಂಟರ್ ಗಮನಿಸಿದ. ವೈದ್ಯ ಕೈಹಾಕದಿದ್ದರೂ ದೇಹ ತಾನಾಗಿ ಕೂಡಿಕೊಳ್ಳುತ್ತದೆ ಎಂಬ ಈ ಅರಿವು ಅವನ ಮುಂದಿನ ಎಲ್ಲ ಪ್ರಯೋಗಗಳ ಬೇರು.

1763ರಲ್ಲಿ ಲಂಡನ್ನಿಗೆ ಮರಳಿದಾಗ ಕೈಯಲ್ಲಿ ಸೈನ್ಯದ ಅರ್ಧ ಸಂಬಳ ಬಿಟ್ಟರೆ ಬೇರೇನೂ ಇರಲಿಲ್ಲ. ಅಣ್ಣನ ಶಾಲೆಯಲ್ಲಿ ಅವನ ಜಾಗಕ್ಕೆ ಬೇರೊಬ್ಬ ಬಂದಿದ್ದ. ರೋಗಿಗಳಿಲ್ಲ, ಹುದ್ದೆಯಿಲ್ಲ. ಆಗ ಅವನು ಹಿಡಿದದ್ದು ಯಾವ ಮರ್ಯಾದಸ್ಥ ಶಸ್ತ್ರವೈದ್ಯನೂ ಹಿಡಿಯದ ದಾರಿ. ಹಲ್ಲು ಕೀಳುವುದು ಕ್ಷೌರಿಕರ, ಕಮ್ಮಾರರ, ಜಾತ್ರೆಯಲ್ಲಿ ಡೋಲು ಬಡಿಯುವವರ ಕೆಲಸವೆಂದು ವೈದ್ಯರು ಮೂಗು ಮುರಿಯುತ್ತಿದ್ದ ಕಾಲವದು. ಹಂಟರ್ ಜೇಮ್ಸ್ ಸ್ಪೆನ್ಸ್ ಎಂಬ ದಂತವೈದ್ಯನ ಜೊತೆಗೂಡಿ ಕೆಲವು ವರ್ಷ ಜನರ ಬಾಯಿ ನೋಡಿದ. ಹೊಟ್ಟೆಪಾಡಿಗೆ ಹಿಡಿದ ಕೆಲಸದಲ್ಲೂ ಅವನ ಕಣ್ಣು ಸುಮ್ಮನಿರಲಿಲ್ಲ.

ಫಲವಾಗಿ 1771ರಲ್ಲಿ ಮನುಷ್ಯನ ಹಲ್ಲುಗಳ ಸ್ವಾಭಾವಿಕ ಚರಿತ್ರೆ ಕುರಿತ ಅವನ ಮೊದಲ ಪುಸ್ತಕ ಬಂತು. ಹಲ್ಲಿನ ರೋಗಗಳ ಬಗೆಗಿನ ಎರಡನೇ ಭಾಗ 1778ರಲ್ಲಿ. ಬಾಚಿಹಲ್ಲು, ಕೋರೆಹಲ್ಲು, ಎರಡು ಮೊನೆಯ ಮುಂದವಡೆ ಹಲ್ಲು, ಹಿಂದಿನ ದವಡೆಹಲ್ಲು ಎಂದು ಇಂಗ್ಲಿಷಿನಲ್ಲಿ ನಾವು ಇಂದು ಬಳಸುವ ವಿಂಗಡಣೆ ಬಳಕೆಗೆ ಬಂದದ್ದು ಬಹುಮಟ್ಟಿಗೆ ಆ ಪುಸ್ತಕದಿಂದ. ಎಲುಬು ಹೇಗೆ ಬೆಳೆಯುತ್ತದೆಂದು ತಿಳಿಯಲು ಅವನು ಹಂದಿಗಳಿಗೆ ಮಂಜಿಷ್ಠದ ಜಾತಿಯ ಬೇರನ್ನು ತಿನ್ನಿಸಿದ್ದ. ಆ ಬೇರು ತಿಂದ ದಿನಗಳಲ್ಲಿ ಬೆಳೆದ ಎಲುಬು ಕೆಂಪಾಗುತ್ತದೆ; ಆಮೇಲೆ ಬೆಳೆದದ್ದು ಬಿಳಿಯಾಗಿ ಉಳಿಯುತ್ತದೆ. ಹೀಗೆ ಕೆಂಪು ಬಿಳಿ ಪಟ್ಟಿಗಳನ್ನು ಓದಿ, ಕೆಳದವಡೆ ಹಿಂಬದಿಯಲ್ಲಿ ಹೊಸದಾಗಿ ಕಟ್ಟಿಕೊಳ್ಳುತ್ತ, ಮುಂಬದಿಯಲ್ಲಿ ಕರಗುತ್ತ ಉದ್ದವಾಗುತ್ತದೆ ಎಂದು ಕಂಡುಕೊಂಡ. ಹಾಲುಹಲ್ಲುಗಳಿದ್ದ ಮುಂಭಾಗದಲ್ಲಿ ಆಮೇಲೆ ಜಾಗ ಹೆಚ್ಚುವುದಿಲ್ಲ, ಹಿಂದಿನ ದವಡೆಹಲ್ಲಿಗಷ್ಟೇ ಜಾಗ ಹುಟ್ಟುತ್ತದೆ ಎಂಬ ಅವನ ಮಾತು ಈಗಲೂ ನಮ್ಮ ಪಾಠದ ಭಾಗ. ಮುಂಭಾಗದಲ್ಲಿ ಜಾಗ ಹೆಚ್ಚದ ಕಾರಣವೇ ತಡವಾಗಿ ಬರುವ ಹಲ್ಲಿಗೆ ದಾರಿ ಇಕ್ಕಟ್ಟಾಗುವುದು.

ಒಂದೇ ಒಂದು ಗೆಲುವು

ಆ ಪುಸ್ತಕದಲ್ಲಿ ಎಲ್ಲರ ಗಮನ ಸೆಳೆದದ್ದು ಹುಂಜದ ಪ್ರಯೋಗ. ಮನುಷ್ಯನೊಬ್ಬನ ಬಾಯಿಂದ ಆರೋಗ್ಯವಾದ ಹಲ್ಲನ್ನು ಕಿತ್ತು, ಹುಂಜದ ಜುಟ್ಟಿನ ದಪ್ಪ ಭಾಗದಲ್ಲಿ ಆಳವಾಗಿ ಗೀರಿ, ಹಲ್ಲಿನ ಬೇರನ್ನು ಅದರೊಳಗೆ ಒತ್ತಿ ದಾರದಿಂದ ಬಿಗಿದ. ಜುಟ್ಟನ್ನೇ ಆರಿಸಲು ಕಾರಣವಿತ್ತು. ಅದರ ತುಂಬ ರಕ್ತನಾಳ. ಹೊರಗಿನಿಂದ ಕಣ್ಣಿಗೆ ಕಾಣುವ ಜಾಗ. ಹುಂಜದ ಕಾಲಿನ ಮುಳ್ಳನ್ನು ಅದರದೇ ಜುಟ್ಟಿಗೆ ನೆಟ್ಟು ಬೆಳೆಸಿದ ಅನುಭವವೂ ಅವನಿಗಿತ್ತು.

ಕೆಲವು ತಿಂಗಳ ನಂತರ ಹುಂಜವನ್ನು ಕೊಂದು, ಅದರ ತಲೆಯ ರಕ್ತನಾಳಗಳಿಗೆ ಬಣ್ಣದ ದ್ರವ ತುಂಬಿದ. ಜುಟ್ಟನ್ನು ತೆಗೆದು ತೆಳು ಆಮ್ಲದಲ್ಲಿಟ್ಟು ಹಲ್ಲು ಮೆತ್ತಗಾದ ಮೇಲೆ ಉದ್ದಕ್ಕೆ ಸೀಳಿದ. ಹಲ್ಲಿನ ಒಳಗಿನ ನಾಳಗಳಿಗೂ ಬಣ್ಣ ಹರಿದಿತ್ತು. ಹಲ್ಲಿನ ಹೊರಮೈ ಸುತ್ತಲೂ ಜುಟ್ಟಿಗೆ ಅಂಟಿಕೊಂಡಿತ್ತು, ದವಡೆಯ ಗುಳಿಯಲ್ಲಿ ಹಲ್ಲು ಅಂಟಿಕೊಂಡಿರುವ ಹಾಗೆಯೇ. ಕಿತ್ತ ಹಲ್ಲು ಸತ್ತ ಕಲ್ಲಲ್ಲ, ಅದರಲ್ಲಿ ಜೀವವಿದೆ, ಜೀವವಿರುವ ಎರಡು ಭಾಗಗಳು ಕೂಡಿಕೊಳ್ಳಬಲ್ಲವು ಎಂದು ಹಂಟರ್ ತೀರ್ಮಾನಿಸಿದ.

ಪ್ರಾಮಾಣಿಕನಾದ ಅವನು ಇನ್ನೊಂದು ಮಾತನ್ನೂ ಬರೆದಿಟ್ಟ. ಇಂಥ ಪ್ರಯೋಗ ಅವನು ಹಲವು ಬಾರಿ ಮಾಡಿದ್ದ. ಗೆದ್ದದ್ದು ಒಮ್ಮೆ ಮಾತ್ರ. ಆದರೆ ಓದುಗರು ಅಷ್ಟು ತಾಳ್ಮೆಯಿಂದ ಓದಲಿಲ್ಲ. ಹಂಟರ್ ಹೇಳಿದ್ದಾನೆ, ನೆಟ್ಟ ಹಲ್ಲು ಬದುಕುತ್ತದೆ ಎಂಬುದಷ್ಟೇ ಊರಿಗೆಲ್ಲ ತಲುಪಿತು.

ಬಾಗಿಲಲ್ಲಿ ಕಾದ ಮಕ್ಕಳು

ಹಲ್ಲು ನೆಡುವ ವಿಧಾನವನ್ನು ಅವನು ವಿವರವಾಗಿಯೇ ತಿಳಿಸಿದ. ಒಂದೇ ಬೇರಿನ ಮುಂದಿನ ಹಲ್ಲುಗಳಿಗೆ ಮಾತ್ರ ಇದು ಸರಿ. ಹೊಸ ಹಲ್ಲು ಎಳೆ ವಯಸ್ಸಿನವರದಾಗಿರಬೇಕು. ಹೆಣ್ಣುಮಕ್ಕಳ ಹಲ್ಲು ಚಿಕ್ಕದಾದ್ದರಿಂದ ಹೊಂದಿಕೆಗೆ ಅನುಕೂಲ. ಕಿತ್ತ ಕೂಡಲೇ ನೆಡಬೇಕು, ತಡಮಾಡಿದಷ್ಟೂ ಅದರ ಜೀವ ಆರುತ್ತದೆ. ಪಕ್ಕದ ಹಲ್ಲುಗಳಿಗೆ ರೇಷ್ಮೆ ದಾರದಿಂದ ಕಟ್ಟಿ ಅಲುಗಾಡದಂತೆ ನೋಡಿಕೊಳ್ಳಬೇಕು. ಇವುಗಳಲ್ಲಿ ಕೆಲವು ಇಂದಿಗೂ ನಾವು ಪಾಲಿಸುವ ನಿಯಮಗಳು. ಅದೇ ಉಸಿರಿನಲ್ಲಿ ಅವನು ಕೊಟ್ಟ ಮತ್ತೊಂದು ಸಲಹೆ ಓದಿದರೆ ಮೈ ಜುಮ್ಮೆನ್ನುತ್ತದೆ. ಒಬ್ಬರ ಹಲ್ಲು ಗುಳಿಗೆ ಹೊಂದದೆ ಹೋಗಬಹುದು. ಆದ್ದರಿಂದ ಹಲ್ಲು ಕೊಡಬಲ್ಲ ಹಲವರನ್ನು ಮೊದಲೇ ಸಿದ್ಧವಾಗಿಟ್ಟುಕೊಳ್ಳಿ ಎಂಬುದು ಅದು. ಮೊದಲನೆಯದು ಹೊಂದದಿದ್ದರೆ ಎರಡನೆಯದು, ಅದೂ ಆಗದಿದ್ದರೆ ಮೂರನೆಯದು. ಕಿತ್ತು ಬಿಸಾಡಿದ ಹಲ್ಲಿನ ಮಗುವಿಗೆ ಏನಾಯಿತೆಂದು ಪುಸ್ತಕ ಹೇಳುವುದಿಲ್ಲ.

ನಮ್ಮೂರಲ್ಲಿ ಮಕ್ಕಳ ಬಿದ್ದ ಹಾಲುಹಲ್ಲನ್ನು ಹೆಂಚಿನ ಮೇಲೆ ಎಸೆಯುವುದಿತ್ತು, ಹೊಸ ಹಲ್ಲು ಚೆನ್ನಾಗಿ ಬರಲಿ ಎಂಬ ಹಾರೈಕೆಯೊಂದಿಗೆ. ಲಂಡನ್ನಿನ ಆ ಮಕ್ಕಳು ಮಾರಿದ್ದು ಮತ್ತೆ ಬಾರದ ಹಲ್ಲುಗಳನ್ನು. 1787ರಲ್ಲಿ ಥಾಮಸ್ ರೋಲಂಡ್‌ಸನ್ ಎಂಬ ವ್ಯಂಗ್ಯಚಿತ್ರಕಾರ ಈ ದೃಶ್ಯವನ್ನೇ ಬರೆದ. ಸೊಗಸಾಗಿ ಸಿಂಗರಿಸಿಕೊಂಡ ಮಹಿಳೆಯ ಪಕ್ಕದಲ್ಲೇ ಮಸಿ ಮೆತ್ತಿದ ಹೊಗೆಗೂಡು ಗುಡಿಸುವ ಹುಡುಗನ ಬಾಯಿಗೆ ವೈದ್ಯ ಕೈ ಹಾಕಿದ್ದಾನೆ. ಹಲ್ಲು ಕೊಟ್ಟ ಇಬ್ಬರು ಮಕ್ಕಳು ಕೆನ್ನೆ ಹಿಡಿದುಕೊಂಡು ಬಾಗಿಲಿಂದ ಹೊರಗೆ ಹೋಗುತ್ತಿದ್ದಾರೆ. ನಗಿಸಲು ಬರೆದ ಚಿತ್ರ. ನೋಡಿದವರಿಗೆ ನಗು ಹೊಟ್ಟೆಯಲ್ಲೇ ಉಳಿಯುತ್ತದೆ.

ಕೊಂಡವರಿಗೂ ಅದು ದಕ್ಕಲಿಲ್ಲ. ಹಲವು ಹಲ್ಲುಗಳು ತಿಂಗಳುಗಳಲ್ಲಿ ಅಲುಗಾಡಿ ಬಿದ್ದವು. ಕೆಲವು ನಾಲ್ಕಾರು ವರ್ಷ ಉಳಿದು, ಬೇರು ಕರಗಿ ಹೋದವು. ಅದಕ್ಕಿಂತ ಭಯಂಕರವಾದದ್ದು, ಹಲ್ಲಿನ ಜೊತೆ ರೋಗವೂ ದಾಟುತ್ತಿತ್ತು ಎಂಬ ಗುಮಾನಿ. 1785ರಲ್ಲಿ ವಿಲಿಯಂ ವಾಟ್ಸನ್ ಎಂಬ ವೈದ್ಯ, ಹಲ್ಲು ನೆಡಿಸಿಕೊಂಡ ಬಳಿಕ ಬಾಯಿ ಹುಣ್ಣಾಗಿ ಪ್ರಾಣ ಬಿಟ್ಟ ಯುವತಿಯೊಬ್ಬಳ ಪ್ರಕರಣ ಪ್ರಕಟಿಸಿದ. ಮೇಹರೋಗ ಹಲ್ಲಿನ ಮೂಲಕ ಬಂತು ಎಂಬ ಅನುಮಾನ ದಟ್ಟವಾಯಿತು. ಹಂಟರ್ ಒಪ್ಪಲಿಲ್ಲ. ಮರುವರ್ಷ ಗುಹ್ಯರೋಗಗಳ ಬಗ್ಗೆ ಬರೆದ ಪುಸ್ತಕದಲ್ಲಿ, ಇಂಥ ಹುಣ್ಣುಗಳಿಗೆ ಬೇರೆ ಕಾರಣವಿರಬೇಕೆಂದು ವಾದಿಸಿದ. ಕಣ್ಣಿಗೆ ಕಂಡದ್ದನ್ನೇ ನಂಬುತ್ತಿದ್ದ ಮನುಷ್ಯ, ಇಲ್ಲಿ ಕಣ್ಣೆದುರಿನ ಸಾಕ್ಷಿಯನ್ನು ಬದಿಗೆ ಸರಿಸಿದ. ಶತಮಾನ ಮುಗಿಯುತ್ತಿದ್ದಂತೆ ಹಲ್ಲಿನ ವ್ಯಾಪಾರವೂ ಇಳಿಮುಖವಾಯಿತು. ಪಿಂಗಾಣಿ ಹಲ್ಲುಗಳು ಬಂದವು.

ಮುಂಬಾಗಿಲು, ಹಿಂಬಾಗಿಲು

ಹಂಟರ್‌ನ ಬದುಕು ಹಲ್ಲಿಗೆ ನಿಲ್ಲಲಿಲ್ಲ. 1767ರಲ್ಲಿ ರಾಯಲ್ ಸೊಸೈಟಿಯ ಸದಸ್ಯನಾದ. ಮರುವರ್ಷ ಸೇಂಟ್ ಜಾರ್ಜ್ ಆಸ್ಪತ್ರೆಯ ಶಸ್ತ್ರವೈದ್ಯ. 1776ರಲ್ಲಿ ಮೂರನೇ ಜಾರ್ಜ್ ದೊರೆಯ ಶಸ್ತ್ರವೈದ್ಯ. 1790ರಲ್ಲಿ ಸೈನ್ಯದ ಮುಖ್ಯ ಶಸ್ತ್ರವೈದ್ಯ. ಹಲ್ಲಿನ ಪುಸ್ತಕ ಬಂದ ವರ್ಷವೇ ಆ್ಯನ್ ಹೋಮ್ ಎಂಬ ಕವಯಿತ್ರಿಯನ್ನು ಮದುವೆಯಾದ. ಸಂಗೀತಗಾರ ಹೇಡನ್ ಆಕೆಯ ಕವಿತೆಗಳಿಗೆ ರಾಗ ಹಾಕಿದ್ದಾನೆ. ಹಂಟರ್ ರಾತ್ರಿ ನಿದ್ದೆ ಮಾಡುತ್ತಿದ್ದುದು ನಾಲ್ಕೈದು ಗಂಟೆ ಮಾತ್ರ.

1785ರ ಡಿಸೆಂಬರಿನಲ್ಲಿ ಮಾಡಿದ ಒಂದು ಶಸ್ತ್ರಚಿಕಿತ್ಸೆ ಅವನಿಗೆ ಶಾಶ್ವತ ಕೀರ್ತಿ ತಂದಿತು. ಗಾಡಿ ಓಡಿಸುವವನೊಬ್ಬನಿಗೆ ಮಂಡಿಯ ಹಿಂದೆ ರಕ್ತನಾಳ ಉಬ್ಬಿ ಗಡ್ಡೆಯಾಗಿತ್ತು. ಕಾಲು ಕತ್ತರಿಸುವುದೇ ಆಗ ರೂಢಿ. ಹಂಟರ್ ಗಡ್ಡೆಯನ್ನು ಮುಟ್ಟದೆ, ಅದಕ್ಕೂ ಮೇಲೆ ತೊಡೆಯಲ್ಲಿ ರಕ್ತನಾಳವನ್ನು ಕಟ್ಟಿದ. ಸಣ್ಣ ನಾಳಗಳು ಬೇರೆ ದಾರಿಯಲ್ಲಿ ರಕ್ತ ಒಯ್ಯುತ್ತವೆಂದು ಅವನಿಗೆ ಗೊತ್ತಿತ್ತು. ಗಾಡಿಯವನು ಎರಡೂ ಕಾಲಿನಲ್ಲಿ ನಡೆದು ಮನೆಗೆ ಹೋದ. ತೊಡೆಯ ಆ ಜಾಗವನ್ನು ಈಗಲೂ ವೈದ್ಯರು ಹಂಟರ್‌ನ ಹೆಸರಿನಿಂದಲೇ ಕರೆಯುತ್ತಾರೆ.

ಲೆಸ್ಟರ್ ಸ್ಕ್ವೇರ್‌ನಲ್ಲಿ ಅವನು ಕಟ್ಟಿಕೊಂಡ ಮನೆಗೆ ಎರಡು ಮುಖ. ಮುಂಬಾಗಿಲಿನಿಂದ ಶ್ರೀಮಂತ ರೋಗಿಗಳೂ ಆ್ಯನ್‌ಳ ಸಂಗೀತದ ಅತಿಥಿಗಳೂ ಬರುತ್ತಿದ್ದರು, ಹಿಂಬಾಗಿಲಿನಿಂದ ಶವಗಳು. ನಡುವೆ ವಸ್ತುಸಂಗ್ರಹಾಲಯ. ಅದಕ್ಕಾಗಿ ಗಳಿಸಿದ್ದನ್ನೆಲ್ಲ ಸುರಿದ. ಐರಿಷ್ ದೈತ್ಯನೆಂದು ಪ್ರದರ್ಶನಗಳಲ್ಲಿ ಹೆಸರಾಗಿದ್ದ ಚಾರ್ಲ್ಸ್ ಬರ್ನ್, ಹಂಟರ್‌ನ ಕಣ್ಣು ತನ್ನ ದೇಹದ ಮೇಲಿದೆಯೆಂದು ತಿಳಿದು, ಸತ್ತ ಮೇಲೆ ಸಮುದ್ರದಲ್ಲಿ ಮುಳುಗಿಸಿ ಎಂದು ಗೆಳೆಯರನ್ನು ಬೇಡಿಕೊಂಡಿದ್ದ. 1783ರಲ್ಲಿ ಅವನು ತೀರಿಕೊಂಡಾಗ ಹಂಟರ್ ಹಣ ಕೊಟ್ಟು ಶವವನ್ನು ತನ್ನದಾಗಿಸಿಕೊಂಡ. ದೊಡ್ಡ ಅಸ್ಥಿಪಂಜರ ಸಂಗ್ರಹಾಲಯ ಸೇರಿತು. ಒಪ್ಪಿಗೆ ಎಂಬ ಶಬ್ದಕ್ಕೆ ಅವನ ಶಾಸ್ತ್ರದಲ್ಲಿ ಜಾಗವೇ ಇರಲಿಲ್ಲ.

ಎದೆನೋವು ಅವನನ್ನು ವರ್ಷಗಟ್ಟಲೆ ಕಾಡಿತ್ತು. ಸಿಟ್ಟು ಬಂದಾಗೆಲ್ಲ ನೋವು ಹೆಚ್ಚುವುದನ್ನು ಅವನೇ ಗುರುತಿಸಿದ್ದ. ತನ್ನನ್ನು ರೇಗಿಸುವ ಯಾವ ಪುಂಡನ ಕೈಯಲ್ಲಾದರೂ ತನ್ನ ಪ್ರಾಣವಿದೆ ಎಂದು ಗೆಳೆಯರ ಬಳಿ ಹೇಳಿಕೊಳ್ಳುತ್ತಿದ್ದ. ಆದದ್ದೂ ಹಾಗೆಯೇ. 1793ರ ಅಕ್ಟೋಬರ್ 16ರಂದು ಆಸ್ಪತ್ರೆಯ ಸಭೆಯಲ್ಲಿ ವಿದ್ಯಾರ್ಥಿಗಳ ಪ್ರವೇಶದ ವಿಷಯಕ್ಕೆ ಜಗಳವೆದ್ದಿತು. ಪಕ್ಕದ ಕೋಣೆಗೆ ಹೋದವನು ಕುಸಿದು ಪ್ರಾಣಬಿಟ್ಟ. ತನ್ನ ಶವವನ್ನೂ ಕೊಯ್ದು ನೋಡಬೇಕೆಂಬುದು ಅವನ ಆಸೆಯಾಗಿತ್ತು. ನೋಡಿದರು, ಹೃದಯದ ನಾಳಗಳು ಎಲುಬಿನಂತೆ ಗಟ್ಟಿಯಾಗಿದ್ದವು. ಮನೆಯಲ್ಲಿ ಸಾಲ ಬಿಟ್ಟರೆ ಏನೂ ಉಳಿದಿರಲಿಲ್ಲ. ಸುಮಾರು 14,000 ಮಾದರಿಗಳ ಸಂಗ್ರಹವನ್ನು ಸರ್ಕಾರ 1799ರಲ್ಲಿ 15,000 ಪೌಂಡಿಗೆ ಕೊಂಡು ಶಸ್ತ್ರವೈದ್ಯರ ಸಂಘಕ್ಕೆ ಒಪ್ಪಿಸಿತು. ಭಾವಮೈದುನ ಎವರಾರ್ಡ್ ಹೋಮ್ ಹಂಟರ್‌ನ ಕೈಬರಹಗಳನ್ನು 1823ರಲ್ಲಿ ಸುಟ್ಟುಹಾಕಿದ. ವಿಲಿಯಂ ಕ್ಲಿಫ್ಟ್ ಎಂಬ ನಿಷ್ಠಾವಂತ ಸಹಾಯಕ ಮೊದಲೇ ನಕಲು ಮಾಡಿಟ್ಟಿದ್ದಷ್ಟೇ ಉಳಿಯಿತು.

ಪುಣೆಯ ಮೂಗು

ಹಂಟರ್ ತೀರಿ ಸರಿಯಾಗಿ ಒಂದು ವರ್ಷಕ್ಕೆ, 1794ರ ಅಕ್ಟೋಬರಿನಲ್ಲಿ, ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಜೀನ್‌ನಲ್ಲಿ ಒಂದು ಚಿತ್ರ ಮತ್ತು ಬರಹ ಪ್ರಕಟವಾಯಿತು. ಅದರ ನಂಟು ನಮ್ಮ ನಾಡಿಗೂ ನಾನೀಗ ಇರುವ ಊರಿಗೂ ಇದೆ. ಮೈಸೂರಿನ ಮೂರನೇ ಯುದ್ಧದಲ್ಲಿ ಇಂಗ್ಲಿಷರ ಸೈನ್ಯಕ್ಕೆ ಎತ್ತಿನ ಗಾಡಿ ಹೊಡೆಯುತ್ತಿದ್ದ ಕವಾಸ್‌ಜಿ ಎಂಬ ಮರಾಠಿಗ 1792ರಲ್ಲಿ ಟಿಪ್ಪುವಿನ ಸೈನ್ಯಕ್ಕೆ ಸೆರೆಸಿಕ್ಕು ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡಿದ್ದ. ಪುಣೆಯ ಬಳಿ ಇಟ್ಟಿಗೆ ಸುಡುವ ಕುಲದ ಒಬ್ಬಾತ ಅವನ ಹಣೆಯ ಚರ್ಮವನ್ನೇ ಬುಡ ಕಡಿಯದಂತೆ ಬಿಡಿಸಿ, ತಿರುಗಿಸಿ, ಹೊಸ ಮೂಗು ಕಟ್ಟಿಕೊಟ್ಟ. ಇಬ್ಬರು ಬ್ರಿಟಿಷ್ ವೈದ್ಯರು ಪಕ್ಕದಲ್ಲಿ ನಿಂತು ನೋಡಿದರು. ಆ ಬರಹವನ್ನು ಓದಿಯೇ ಜೋಸೆಫ್ ಕಾರ್ಪ್ಯೂ 1814ರಲ್ಲಿ ಲಂಡನ್ನಿನಲ್ಲಿ ಈ ಶಸ್ತ್ರಕ್ರಿಯೆ ಮಾಡಿದ.

ಪುಣೆಯ ಕುಶಲಿಗೆ ಹಂಟರ್‌ನಷ್ಟು ಅಂಗರಚನೆ ಗೊತ್ತಿರಲಿಲ್ಲ. ಆದರೂ ಅವನ ಮೂಗು ನಿಂತಿತು, ಹಂಟರ್‌ನ ಹಲ್ಲುಗಳು ನಿಲ್ಲಲಿಲ್ಲ. ಕಾರಣ ಸರಳ. ಕವಾಸ್‌ಜಿಗೆ ಬಂದ ಮಾಂಸ ಅವನದೇ ಆಗಿತ್ತು. ಇದರ ಒಳಗುಟ್ಟು ಬಯಲಾಗಲು ಒಂದೂವರೆ ಶತಮಾನ ಹಿಡಿಯಿತು. 1943ರಲ್ಲಿ, ಹಂಟರ್‌ನ ಹುಟ್ಟೂರಿಗೆ ಹತ್ತಿರದ ಗ್ಲಾಸ್ಗೋದಲ್ಲೇ, ಥಾಮಸ್ ಗಿಬ್ಸನ್ ಮತ್ತು ಪೀಟರ್ ಮೆಡವಾರ್ ಸುಟ್ಟ ಗಾಯಕ್ಕೆ ಹಚ್ಚಿದ ಬೇರೆಯವರ ಚರ್ಮವನ್ನು ದೇಹ ಗುರುತು ಹಿಡಿದು ಹೊರದೂಡುತ್ತದೆಂದು, ಎರಡನೇ ಸಲ ಇನ್ನೂ ಬೇಗ ದೂಡುತ್ತದೆಂದು ತೋರಿಸಿದರು. ಮೆಡವಾರ್‌ಗೆ 1960ರಲ್ಲಿ ನೊಬೆಲ್ ಬಂತು. ಹಂಟರ್ ನೆಟ್ಟ ಹಲ್ಲುಗಳನ್ನು ಒಳಗಿನಿಂದ ಕರಗಿಸುತ್ತಿದ್ದುದು ಇದೇ ಕಾವಲು.

ಅದೇ ಬಾಯಿಯ ಹಲ್ಲು

ಹಂಟರ್‌ನ ಕನಸಿನಲ್ಲಿ ಸರಿಯಿದ್ದ ಭಾಗ ಮತ್ತೆ ಚಿಗುರಿದ್ದು ಇಪ್ಪತ್ತನೇ ಶತಮಾನದಲ್ಲಿ. ನಾರ್ವೆಯ ಓಸ್ಲೋದಲ್ಲಿ ಸ್ಲಾಗ್ಸ್‌ವೋಲ್ಡ್ ಮತ್ತು ಬ್ಯರ್ಕೆ ಎಂಬ ವೈದ್ಯರು ಬೆಳೆಯುವ ಮಕ್ಕಳ ಮುಂದವಡೆ ಹಲ್ಲನ್ನು ಅದೇ ಮಗುವಿನ ಬಾಯಲ್ಲಿ ಹಲ್ಲಿಲ್ಲದ ಜಾಗಕ್ಕೆ ನೆಡುವ ಕ್ರಮವನ್ನು ರೂಪಿಸಿ 1974ರಲ್ಲಿ ಪ್ರಕಟಿಸಿದರು. ಕೋಪನ್‌ಹೇಗನ್ನಿನ ಯೆನ್ಸ್ ಆಂಡ್ರಿಯಾಸೆನ್ ಮತ್ತು ಸಂಗಡಿಗರು ಹೀಗೆ ನೆಟ್ಟ 370 ಹಲ್ಲುಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ 1990ರಲ್ಲಿ ವರದಿ ಮಾಡಿದರು. ನೂರಕ್ಕೆ 90ಕ್ಕೂ ಹೆಚ್ಚು ಉಳಿದಿದ್ದವು. ಓಸ್ಲೋದ ಹಳೆಯ ರೋಗಿಗಳನ್ನು 17ರಿಂದ 41 ವರ್ಷಗಳ ನಂತರ ಪರೀಕ್ಷಿಸಿದಾಗಲೂ ನೂರಕ್ಕೆ 90ರಷ್ಟು ಹಲ್ಲು ಬಾಯಲ್ಲೇ ಇದ್ದವು.

ಗುಟ್ಟು ಎರಡು. ಮೊದಲನೆಯದು, ಹಲ್ಲಿನ ಬೇರಿಗೂ ಎಲುಬಿಗೂ ನಡುವೆ ಇರುವ ತೆಳು ಪೊರೆ. ಕೀಳುವಾಗ ಬೇರಿನ ಮೇಲೆ ಉಳಿಯುವ ಈ ಪೊರೆ ಜೀವಂತವಾಗಿದ್ದರೆ ಹೊಸ ಗುಳಿಯಲ್ಲಿ ಮತ್ತೆ ಬೆಸೆದುಕೊಳ್ಳುತ್ತದೆ. ಒಣಗಿದರೆ ಎಲುಬು ನೇರವಾಗಿ ಹಲ್ಲಿಗೆ ಅಂಟಿ, ಬೇರು ಕರಗತೊಡಗುತ್ತದೆ. ಹುಂಜದ ಜುಟ್ಟಿನಲ್ಲಿ ಹಂಟರ್ ಕಂಡ ಸುತ್ತಲಿನ ಬೆಸುಗೆಯ ಸುಳಿವು ಇದೇ. ಎರಡನೆಯದು ವಯಸ್ಸು. ಬೇರು ಅರ್ಧದಿಂದ ಮುಕ್ಕಾಲು ಬೆಳೆದು ತುದಿ ಇನ್ನೂ ತೆರೆದಿರುವಾಗ ನೆಟ್ಟರೆ ಹೊಸ ರಕ್ತನಾಳಗಳು ಒಳಹೊಕ್ಕು ಹಲ್ಲಿನ ತಿರುಳು ಮತ್ತೆ ಜೀವ ಪಡೆಯುತ್ತದೆ, ಬೇರು ಬೆಳೆಯುತ್ತಲೂ ಹೋಗುತ್ತದೆ. ತುದಿ ಮುಚ್ಚಿದ ಹಲ್ಲಿಗೆ ಬೇರುನಾಳದ ಚಿಕಿತ್ಸೆ ಬೇಕಾಗುತ್ತದೆ. ಅದಕ್ಕೇ ಇದು ಹತ್ತರಿಂದ ಹದಿನಾಲ್ಕರ ಆಸುಪಾಸಿನ ಮಕ್ಕಳಿಗೆ ಹೇಳಿಮಾಡಿಸಿದ ಚಿಕಿತ್ಸೆ. ಆ ವಯಸ್ಸಿನಲ್ಲಿ ಲೋಹದ ಇಂಪ್ಲಾಂಟ್ ಹಾಕುವಂತಿಲ್ಲ. ದವಡೆ ಬೆಳೆಯುತ್ತದೆ, ಲೋಹ ಬೆಳೆಯುವುದಿಲ್ಲ. ಕೆಲವೇ ವರ್ಷಗಳಲ್ಲಿ ಆ ಹಲ್ಲು ಸಾಲಿನಲ್ಲಿ ಹೂತಂತೆ ಕಾಣುತ್ತದೆ. ನೆಟ್ಟ ಹಲ್ಲಾದರೋ ದವಡೆಯೊಂದಿಗೆ ಬೆಳೆಯುತ್ತದೆ, ತನ್ನ ಸುತ್ತ ಎಲುಬನ್ನೂ ಕಟ್ಟಿಕೊಳ್ಳುತ್ತದೆ.

ಬುದ್ಧಿಹಲ್ಲನ್ನು ಬಿಟ್ಟರೆ ದವಡೆಯಲ್ಲಿ ಹೆಚ್ಚಾಗಿ ಸಿಕ್ಕಿಕೊಳ್ಳುವುದು ಮೇಲಿನ ಕೋರೆಹಲ್ಲು. ನೂರು ಜನರಲ್ಲಿ ಸುಮಾರು ಇಬ್ಬರಿಗೆ ಹೀಗಾಗುತ್ತದೆ, ಹುಡುಗಿಯರಲ್ಲಿ ಹೆಚ್ಚು. ಹನ್ನೊಂದು ಹನ್ನೆರಡಕ್ಕೆ ಬರಬೇಕಾದದ್ದು ಅಂಗುಳಿನ ಕಡೆ ವಾಲಿ, ಕೆಲವೊಮ್ಮೆ ಪಕ್ಕದ ಬಾಚಿಹಲ್ಲಿನ ಬೇರನ್ನೇ ತಿನ್ನುತ್ತ ಕೂರುತ್ತದೆ. ಎಲ್ಲಕ್ಕೂ ನೆಡುವುದೇ ಮದ್ದಲ್ಲ. ಸ್ವೀಡನ್ನಿನ ಎರಿಕ್‌ಸನ್ ಮತ್ತು ಕುರೋಲ್ 1988ರಲ್ಲಿ ತೋರಿಸಿದಂತೆ, ಸಕಾಲಕ್ಕೆ ಹಾಲುಕೋರೆಯನ್ನು ತೆಗೆದರೆ ಸಾಕು, ದಾರಿ ತಪ್ಪಿದ 46 ಕೋರೆಗಳಲ್ಲಿ 36 ತಾವಾಗಿ ಸರಿದಾರಿಗೆ ಬಂದವು. ತಡವಾದರೆ ಒಸಡು ತೆರೆದು, ಹಲ್ಲಿಗೆ ಕೊಂಡಿ ಅಂಟಿಸಿ, ತಂತಿಯಿಂದ ಮೆಲ್ಲಗೆ ಎಳೆದು ತರುವುದು ರೂಢಿ. ಎಳೆದರೂ ಬಾರದಷ್ಟು ಅಡ್ಡವಾಗಿದ್ದಾಗ ಕೋರೆಯನ್ನೇ ಬಿಡಿಸಿ ಅದರ ಸ್ಥಾನದಲ್ಲಿ ನೆಡುತ್ತಾರೆ, ಇಲ್ಲವೇ ಇಕ್ಕಟ್ಟಿನಿಂದಾಗಿ ಹೇಗೂ ಕೀಳಬೇಕಾದ ಮುಂದವಡೆ ಹಲ್ಲನ್ನು ಅಲ್ಲಿಗೆ ತರುತ್ತಾರೆ. ಪೂರ್ತಿ ಬೆಳೆದ ಕೋರೆಯಲ್ಲಿ ಫಲಿತಾಂಶ ಎಳೆಯ ಮುಂದವಡೆ ಹಲ್ಲಿನಷ್ಟು ಚೆನ್ನಾಗಿರುವುದಿಲ್ಲ.

ಈಗ ಮೂರು ಆಯಾಮದ ಎಕ್ಸ್‌ರೇಯಿಂದ ಹಲ್ಲಿನ ಅಚ್ಚು ತಯಾರಿಸಿ, ಅದನ್ನಿಟ್ಟು ಗುಳಿಯನ್ನು ಮೊದಲೇ ಹೊಂದಿಸಿಕೊಳ್ಳಬಹುದು. ನಿಜವಾದ ಹಲ್ಲು ಬಾಯಿಂದ ಹೊರಗಿರುವುದು ಕೆಲವೇ ನಿಮಿಷ. ಹೊಂದುತ್ತದೋ ನೋಡಲು ಇನ್ನೊಂದು ಮಗುವನ್ನು ಬಾಗಿಲಲ್ಲಿ ಕಾಯಿಸಬೇಕಿಲ್ಲ. ಹಲ್ಲನ್ನು ಕಚ್ಚಿಗೆ ಸಿಗದಂತೆ ತುಸು ತಗ್ಗಿನಲ್ಲಿಟ್ಟು ಹೊಲಿಗೆಯಿಂದಲೋ ಬಳುಕುವ ತಂತಿಯಿಂದಲೋ ವಾರ ಎರಡು ವಾರ ಹಿಡಿದಿಡುತ್ತಾರೆ. ತಿಂಗಳುಗಳ ನಂತರ ಸಾಲಿಗೆ ಸರಿಸುತ್ತಾರೆ. ವರ್ಷಗಟ್ಟಲೆ ಎಕ್ಸ್‌ರೇ ತೆಗೆದು ಕಣ್ಣಿಡುತ್ತಾರೆ.

ಊರಿಂದೂರಿಗೆ ವರ್ಗವಾಗುತ್ತ, ಮೂರು ವರ್ಷಕ್ಕೊಮ್ಮೆ ದಂತವೈದ್ಯರನ್ನು ಬದಲಿಸುವ ನಮ್ಮಂಥ ಕುಟುಂಬಗಳಲ್ಲಿ ತಪ್ಪಿಹೋಗುವುದು ಈ ಕಣ್ಣಿಡುವ ಕೆಲಸವೇ. ಮಗುವಿಗೆ ಒಂಬತ್ತು ಹತ್ತಾದಾಗ ಹಾಲುಕೋರೆಯ ಮೇಲ್ಗಡೆ ಒಸಡಿನ ಹೊರಬದಿಯಲ್ಲಿ ಉಬ್ಬು ಬೆರಳಿಗೆ ಸಿಗುತ್ತದೆಯೇ ಎಂದು ವೈದ್ಯರಲ್ಲಿ ಕೇಳಿ. ಒಂದು ಬದಿಯ ಕೋರೆ ಬಂದು ಇನ್ನೊಂದು ಬದಿಯದು ಬಾರದಿದ್ದರೆ ಸುಮ್ಮನಿರಬೇಡಿ. ಹಳೆಯ ಎಕ್ಸ್‌ರೇಗಳನ್ನು ಮನೆಸಾಮಾನಿನ ಜೊತೆ ಕಟ್ಟಿಕೊಂಡು ಬನ್ನಿ. ಆಟದಲ್ಲಿ ಬಿದ್ದು ಶಾಶ್ವತ ಹಲ್ಲು ಕಿತ್ತುಬಂದರೆ ಬೇರನ್ನು ಮುಟ್ಟದೆ ಎತ್ತಿ, ಗುಳಿಗೆ ಮರಳಿ ಕೂರಿಸಿ; ಆಗದಿದ್ದರೆ ಹಾಲಿನಲ್ಲಿಟ್ಟು ಕೂಡಲೇ ಓಡಿ. ಆ ಪೊರೆಯ ಜೀವ ನಿಮಿಷಗಳ ಲೆಕ್ಕದ್ದು.

ಹಂಟರ್‌ನ ಅವಶೇಷಗಳನ್ನು 1859ರಲ್ಲಿ ಫ್ರಾಂಕ್ ಬಕ್‌ಲ್ಯಾಂಡ್ ಎಂಬಾತ ಚರ್ಚಿನ ನೆಲಮಾಳಿಗೆಯಲ್ಲಿ ಮೂರು ಸಾವಿರಕ್ಕೂ ಹೆಚ್ಚು ಶವಪೆಟ್ಟಿಗೆಗಳ ನಡುವೆ ಹುಡುಕಿ ತೆಗೆದ. ಈಗ ಅವು ವೆಸ್ಟ್‌ಮಿನ್ಸ್‌ಟರ್ ಅಬೆಯಲ್ಲಿವೆ. ಅವನ ಸಂಗ್ರಹಾಲಯದ ಮೇಲೆ 1941ರಲ್ಲಿ ಬಾಂಬು ಬಿದ್ದು ಬಹಳಷ್ಟು ನಾಶವಾಯಿತು. ದುರಸ್ತಿಯ ನಂತರ 2023ರಲ್ಲಿ ಅದು ಮತ್ತೆ ತೆರೆದಾಗ ಚಾರ್ಲ್ಸ್ ಬರ್ನ್‌ನ ಅಸ್ಥಿಪಂಜರ ಪ್ರದರ್ಶನದಲ್ಲಿರಲಿಲ್ಲ. ಒಪ್ಪದವನ ದೇಹವನ್ನು ತೋರಿಸುವುದು ಸಲ್ಲದೆಂದು ಸಂಗ್ರಹಾಲಯದವರು ಇನ್ನೂರ ನಲವತ್ತು ವರ್ಷಗಳ ನಂತರ ನಿರ್ಧರಿಸಿದ್ದರು. ಹಲ್ಲು ನೆಟ್ಟ ಹುಂಜದ ತಲೆ ಮಾತ್ರ ಗಾಜಿನ ಭರಣಿಯಲ್ಲಿ ಈಗಲೂ ಉಳಿದಿದೆ. ಆ ಹುಂಜದ ಕಥೆ ಎಲ್ಲರಿಗೂ ಗೊತ್ತು. ಹಲ್ಲು ಯಾರದೆಂದು ಯಾರೂ ಬರೆದಿಟ್ಟಿಲ್ಲ.